ಹೃದಯದೊಳಗಿನ ಗಾಯದ ಕಲೆ: ಉಷ್ಣವಲಯದ ಒಂದು ರೋಗದ ಮೂಲ ಏಕೆ ಇನ್ನೂ ಸಿಕ್ಕಿಲ್ಲ?

ಹತ್ತು ಹನ್ನೆರಡು ವರ್ಷದ ಮಗು. ಹೊಟ್ಟೆಯಲ್ಲಿ ನೀರು ತುಂಬಿ ಚರ್ಮ ಬಿಗಿದು ನಿಂತಿದೆ, ಆದರೆ ಕಾಲಿನಲ್ಲಿ ಬಾವು ಅಷ್ಟಾಗಿ ಇಲ್ಲ. ಮುಖ ಊದಿಕೊಂಡಿದೆ, ಕಿವಿಯ ಕೆಳಗಿನ ಜೊಲ್ಲುಗ್ರಂಥಿಗಳು ದಪ್ಪಗಾಗಿವೆ, ಕಣ್ಣುಗುಡ್ಡೆಗಳು ಸ್ವಲ್ಪ ಮುಂದಕ್ಕೆ ಬಂದಿವೆ. ವಯಸ್ಸಿಗೆ ತಕ್ಕ ಬೆಳವಣಿಗೆ ಇಲ್ಲ. ಯಕೃತ್ತಿನ ಕಾಯಿಲೆ ಎಂದೋ ಹೊಟ್ಟೆಯ ಕ್ಷಯ ಎಂದೋ ತಿಂಗಳುಗಟ್ಟಲೆ ಔಷಧಿ ನಡೆಯುತ್ತದೆ. ಕೊನೆಗೆ ಯಾರಾದರೂ ಎಕೋ ಪರೀಕ್ಷೆ ಮಾಡಿಸಿದಾಗಷ್ಟೇ ಕೆಟ್ಟಿರುವುದು ಹೃದಯ ಎಂಬುದು ಗೊತ್ತಾಗುತ್ತದೆ.

ಈ ರೋಗದ ಹೆಸರು ಎಂಡೋಮಯೋಕಾರ್ಡಿಯಲ್ ಫೈಬ್ರೋಸಿಸ್, ವೈದ್ಯರ ಬಾಯಲ್ಲಿ ಇ.ಎಂ.ಎಫ್. ಹೃದಯದ ಒಳಪೊರೆಯಲ್ಲೂ ಅದಕ್ಕೆ ಅಂಟಿಕೊಂಡ ಸ್ನಾಯುವಿನಲ್ಲೂ ನಾರು ಗಟ್ಟಿಕೊಂಡು, ಕೋಣೆಗಳು ಹಿಗ್ಗಲಾರದೆ ಹೋಗುವುದು ಇದರ ಸ್ವರೂಪ. ಉಗಾಂಡಾ, ನೈಜೀರಿಯಾ, ಮೊಜಾಂಬಿಕ್, ಐವರಿ ಕೋಸ್ಟ್, ಬ್ರೆಜಿಲ್, ನಮ್ಮ ದೇಶದಲ್ಲಿ ಮುಖ್ಯವಾಗಿ ಕೇರಳ ಇದರ ನೆಲೆಗಳು. ಜಗತ್ತಿನಲ್ಲಿ ಒಂದು ಕೋಟಿಗೂ ಹೆಚ್ಚು ಜನರಿಗೆ ಇದು ಇರಬಹುದೆಂಬ ಅಂದಾಜು ವೈದ್ಯ ಸಾಹಿತ್ಯದಲ್ಲಿ ಚಲಾವಣೆಯಲ್ಲಿದೆ. ಬಡವರ ರೋಗ, ಅದರಲ್ಲೂ ಹಳ್ಳಿಗಾಡಿನ ಬಡ ಮಕ್ಕಳ ರೋಗ. ಎರಡನೇ ಮಹಾಯುದ್ಧ ಮುಗಿದ ಹೊಸದರಲ್ಲಿ ಬೆಡ್‌ಫರ್ಡ್ ಮತ್ತು ಕಾನ್‌ಸ್ಟಮ್ ಎಂಬ ಇಬ್ಬರು ವೈದ್ಯರು ಪಶ್ಚಿಮ ಆಫ್ರಿಕಾದ ಸೈನಿಕರಲ್ಲಿ ಕಾರಣ ತಿಳಿಯದ ಹೃದಯ ವೈಫಲ್ಯವನ್ನು ಕಂಡು ವರದಿ ಮಾಡಿದರು. 1948ರಲ್ಲಿ ಉಗಾಂಡಾದ ರಾಜಧಾನಿ ಕಂಪಾಲದ ಮುಲಾಗೊ ಆಸ್ಪತ್ರೆಯ ರೋಗಶಾಸ್ತ್ರಜ್ಞ ಜ್ಯಾಕ್ ಡೇವೀಸ್ ಮರಣೋತ್ತರ ಪರೀಕ್ಷೆಗಳ ಆಧಾರದ ಮೇಲೆ ಇದನ್ನು ಪ್ರತ್ಯೇಕ ರೋಗವೆಂದು ಬಣ್ಣಿಸಿದರು. ಅಂದಿನಿಂದ ಏಳು ದಶಕಗಳೇ ಉರುಳಿವೆ. ಕಾರಣದ ಬಗ್ಗೆ ಸಿದ್ಧಾಂತಗಳ ಪಟ್ಟಿ ಬೆಳೆದಿದೆ, ಖಚಿತ ಉತ್ತರ ಬಂದಿಲ್ಲ.

ಬಡವರ ರೋಗಕ್ಕೆ ಸಂಶೋಧನೆಯ ಹಣ ಸಿಗುವುದಿಲ್ಲ ಎಂಬುದು ಇದಕ್ಕೆ ಸಾಮಾನ್ಯವಾಗಿ ಕೊಡುವ ವಿವರಣೆ. ಅದು ನಿಜವೂ ಹೌದು. ಆದರೆ ಅಂಗಾಂಶದಲ್ಲಿ ಆಗುವ ಬದಲಾವಣೆಗಳನ್ನು ಗಮನವಿಟ್ಟು ನೋಡಿದರೆ ಇನ್ನೊಂದು ಕಾರಣ ಎದ್ದು ಕಾಣುತ್ತದೆ: ನಾವು ಈ ರೋಗವನ್ನು ನೋಡುತ್ತಿರುವುದೇ ತೀರಾ ತಡವಾಗಿ.

ತೀವ್ರ ರೋಗದಿಂದ ಸತ್ತವರ ಹೃದಯವನ್ನು ಮೇಜಿನ ಮೇಲಿಟ್ಟಾಗ ಹೊರಗಿನಿಂದಲೇ ಒಂದು ವಿಚಿತ್ರ ಕಾಣುತ್ತದೆ. ಬಲಗಡೆಯ ಕೆಳಕೋಣೆಯ ತುದಿ ಒಳಕ್ಕೆ ಸೆಳೆದುಕೊಂಡು ಕುಳಿಬಿದ್ದಿರುತ್ತದೆ. ಅದರ ಮೇಲಿನ ಕೋಣೆ ಮಾತ್ರ ವಿಪರೀತ ಹಿಗ್ಗಿರುತ್ತದೆ. ಹೃದಯದ ಸುತ್ತಲಿನ ಚೀಲದಲ್ಲಿ ಹೆಚ್ಚಾಗಿ ನೀರು ತುಂಬಿರುತ್ತದೆ. ಕೊಯ್ದು ತೆರೆದರೆ ಕೆಳಕೋಣೆಯ ಒಳಗೆ ಗೋಡೆಗೆ ಗಾರೆ ಮೆತ್ತಿದಂತೆ ಬಿಳಿಯ, ಗಟ್ಟಿಯಾದ ಪದರ. ಆರೋಗ್ಯವಂತ ಹೃದಯದ ಒಳಪೊರೆ ತೆಳ್ಳಗೆ, ಪಾರದರ್ಶಕವೆನ್ನುವಷ್ಟು ನಯವಾಗಿರುತ್ತದೆ. ಇಲ್ಲಿ ಅದು ಹಲವು ಮಿಲಿಮೀಟರ್, ಕೆಲವೊಮ್ಮೆ ಒಂದು ಸೆಂಟಿಮೀಟರ್‌ವರೆಗೂ ದಪ್ಪವಾಗಿರುತ್ತದೆ. ಈ ಪದರ ಎಲ್ಲೆಂದರಲ್ಲಿ ಹರಡುವುದಿಲ್ಲ. ಕೋಣೆಯ ತುದಿಯಲ್ಲಿ ಹುಟ್ಟಿ, ರಕ್ತ ಒಳಬರುವ ದಾರಿಯುದ್ದಕ್ಕೂ ಹತ್ತಿ, ಕವಾಟದ ಹಿಂದಿನ ಎಸಳಿನ ಬುಡವನ್ನು ಮುಟ್ಟುತ್ತದೆ. ರಕ್ತ ಹೊರಹೋಗುವ ದಾರಿ ಮಾತ್ರ ಬಹುಮಟ್ಟಿಗೆ ಸ್ವಚ್ಛವಾಗಿ ಉಳಿಯುತ್ತದೆ. ಎರಡರ ನಡುವೆ ಉಬ್ಬಿದ ಅಂಚೊಂದು ಗಡಿ ಎಳೆದಿರುತ್ತದೆ. ಈ ಗಡಿಯನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಕಾರಣದ ಯಾವುದೇ ಸಿದ್ಧಾಂತ ಇದಕ್ಕೆ ಲೆಕ್ಕ ಕೊಡಬೇಕಾಗುತ್ತದೆ.

ಕವಾಟಗಳನ್ನು ಎಳೆದು ಹಿಡಿಯುವ ಸಣ್ಣ ಸ್ನಾಯುಕಂಬಗಳೂ ಅವುಗಳಿಂದ ಹೊರಡುವ ಎಳೆಗಳೂ ಈ ನಾರಿನಲ್ಲಿ ಹೂತುಹೋಗುತ್ತವೆ. ಆಗ ಕವಾಟದ ಎಸಳುಗಳು ಕೂಡಿ ಮುಚ್ಚುವುದಿಲ್ಲ, ಪ್ರತಿ ಬಡಿತಕ್ಕೂ ರಕ್ತ ಹಿಂದಕ್ಕೆ ಸೋರುತ್ತದೆ. ಕೋಣೆ ಚಿಕ್ಕದು, ಗೋಡೆ ಗಡಸು, ಕವಾಟ ಸಡಿಲ: ಈ ಮೂರೂ ಸೇರಿ ಮೇಲಿನ ಕೋಣೆಯಲ್ಲೂ ಅದರ ಹಿಂದಿನ ರಕ್ತನಾಳಗಳಲ್ಲೂ ಒತ್ತಡ ಏರುತ್ತದೆ. ಬಲಭಾಗಕ್ಕೆ ರೋಗ ಬಂದರೆ ಯಕೃತ್ತು ಊದಿ ಹೊಟ್ಟೆಯಲ್ಲಿ ನೀರು ನಿಲ್ಲುತ್ತದೆ, ಎಡಭಾಗಕ್ಕೆ ಬಂದರೆ ಶ್ವಾಸಕೋಶದಲ್ಲಿ ರಕ್ತ ಕಟ್ಟಿಕೊಂಡು ಉಸಿರು ಮೇಲೆ ಬರುತ್ತದೆ. ಎರಡೂ ಕಡೆ ಇರುವವರೇ ಅನೇಕರು. ಹೃದಯದ ಹಿಂಡುವ ಶಕ್ತಿ ಮಾತ್ರ ಬಹುಕಾಲ ಉಳಿದುಕೊಂಡಿರುತ್ತದೆ. ಎಕೋದಲ್ಲಿ ತುದಿ ಮುಚ್ಚಿಹೋಗಿದ್ದರೂ ಬುಡದ ಭಾಗ ಜೋರಾಗಿ ಬಡಿಯುತ್ತಿರುವುದು ಕಾಣುತ್ತದೆ. ಪಂಪಿನ ಸಾಮರ್ಥ್ಯದ ಅಂಕಿಯನ್ನಷ್ಟೇ ನೋಡಿ ಹೃದಯ ಸರಿಯಿದೆ ಎಂದುಕೊಳ್ಳುವ ಅಪಾಯ ಇರುವುದು ಇಲ್ಲೇ.

ಸೂಕ್ಷ್ಮದರ್ಶಕದ ಕೆಳಗೆ ಇದೇ ಪದರ ಪದರಗಳಾಗಿ ಬಿಚ್ಚಿಕೊಳ್ಳುತ್ತದೆ. ಎಲ್ಲಕ್ಕಿಂತ ಮೇಲೆ, ರಕ್ತ ತಾಗುವ ಕಡೆ, ಹಲವೊಮ್ಮೆ ರಕ್ತ ಹೆಪ್ಪುಗಟ್ಟಿಸುವ ಪ್ರೋಟೀನಾದ ಫೈಬ್ರಿನ್ ಅಥವಾ ಹೆಪ್ಪುಗಟ್ಟಿದ ರಕ್ತ. ಅದರ ಕೆಳಗೆ ಜೀವಕೋಶಗಳೇ ಇಲ್ಲವೆನ್ನುವಷ್ಟು ವಿರಳವಾದ, ಒತ್ತೊತ್ತಾದ ಕೊಲಾಜೆನ್, ಅಂದರೆ ಗಾಯದ ಕಲೆಯನ್ನು ಕಟ್ಟುವ ನಾರಿನ ಪ್ರೋಟೀನು. ಇನ್ನೂ ಕೆಳಗೆ, ಸ್ನಾಯುವಿಗೆ ತಾಗಿಕೊಂಡು, ಹಿಗ್ಗಿದ ಸಣ್ಣ ರಕ್ತನಾಳಗಳೂ ಉರಿಯೂತದ ಕೋಶಗಳೂ ಚದುರಿರುವ ಸಡಿಲವಾದ ಪದರ, ಮಾಯುತ್ತಿರುವ ಗಾಯದಲ್ಲಿ ಕಾಣುವ ಅಂಗಾಂಶವೇ. ಅಲ್ಲಿಂದ ನಾರಿನ ಬೆರಳುಗಳು ಸ್ನಾಯುವಿನೊಳಕ್ಕೆ ಇಳಿಯುತ್ತವೆ. ಆದರೆ ಸಾಮಾನ್ಯವಾಗಿ ಗೋಡೆಯ ಒಳಗಿನ ಮೂರನೇ ಒಂದು ಭಾಗವನ್ನು ದಾಟುವುದಿಲ್ಲ. ಅದರಾಚೆಯ ಸ್ನಾಯು ಹೆಚ್ಚುಕಡಿಮೆ ಹಾಗೇ ಇರುತ್ತದೆ. ಹಳೆಯ ರೋಗದಲ್ಲಿ ಸುಣ್ಣದ ಕಣಗಳೂ ಸೇರಿಕೊಂಡಿರುತ್ತವೆ.

ಏಟು ಬಿದ್ದಿರುವುದು ರಕ್ತದ ಕಡೆಯಿಂದ, ಒಳಮೈಯಿಂದ ಎಂಬುದು ಇದರಿಂದ ಸಾಕಷ್ಟು ಸ್ಪಷ್ಟವಾಗುತ್ತದೆ. ಸ್ನಾಯುವಿನ ಮೂಲದ ಕಾಯಿಲೆಯಾಗಿದ್ದರೆ ಗೋಡೆಯುದ್ದಕ್ಕೂ ಅದರ ಗುರುತು ಸಿಗಬೇಕಿತ್ತು. ರಕ್ತದಲ್ಲಿ ಹರಿದುಬಂದ ಏನೋ ಒಂದು ಒಳಪೊರೆಯನ್ನು ಕೆರಳಿಸಿದೆ, ರಕ್ತ ನಿಧಾನವಾಗಿ ಸುಳಿಯುವ ತುದಿಯಲ್ಲಿ ಹೆಪ್ಪು ಕಟ್ಟಿದೆ, ಹೆಪ್ಪು ಮಾಯುತ್ತಾ ನಾರಾಗಿದೆ. ರಕ್ತ ರಭಸದಿಂದ ಹೊರಹೋಗುವ ದಾರಿ ಏಕೆ ಉಳಿದುಕೊಂಡಿತು ಎಂಬುದಕ್ಕೂ ಈ ಊಹೆಯಲ್ಲಿ ಉತ್ತರದ ಒಂದು ತುಣುಕಿದೆ. ಆದರೆ ಮೊದಲ ಏಟು ಕೊಟ್ಟದ್ದು ಯಾವುದು ಎಂಬ ಪ್ರಶ್ನೆಗೆ ಕೊಲಾಜೆನ್ ಉತ್ತರ ಹೇಳುವುದಿಲ್ಲ. ಯಾವ ಗಾಯವಾದರೂ ಕೊನೆಗೆ ಮುಟ್ಟುವುದು ಅದೇ ಕಲೆಯನ್ನು.

ಮೊದಲ ಶಂಕೆ ಬಿದ್ದದ್ದು ಇಯೋಸಿನೊಫಿಲ್ ಎಂಬ ಬಿಳಿರಕ್ತಕಣದ ಮೇಲೆ. ಅದಕ್ಕೆ ಗಟ್ಟಿಯಾದ ಹಿನ್ನೆಲೆ ಇದೆ. 1936ರಲ್ಲಿ ಸ್ವಿಟ್ಜರ್ಲೆಂಡಿನ ವಿಲ್ಹೆಲ್ಮ್ ಲೋಫ್ಲರ್ ಇಂಥದೇ ನಾರುಗಟ್ಟುವ ಹೃದ್ರೋಗವನ್ನು ವಿವರಿಸಿದ್ದರು. ಅವರ ರೋಗಿಗಳ ರಕ್ತದಲ್ಲಿ ಇಯೋಸಿನೊಫಿಲ್‌ಗಳು ವಿಪರೀತ ಏರಿದ್ದವು. ಈ ಕಣಗಳು ತಮ್ಮೊಳಗಿನ ವಿಷಕಾರಿ ಪ್ರೋಟೀನುಗಳನ್ನು ಸುರಿದು ಒಳಪೊರೆಯನ್ನು ಸುಡುತ್ತವೆ, ಅದೇ ಪ್ರೋಟೀನುಗಳು ರಕ್ತ ಹೆಪ್ಪುಗಟ್ಟಲೂ ಕುಮ್ಮಕ್ಕು ಕೊಡುತ್ತವೆ. ಲೋಫ್ಲರ್ ರೋಗದಲ್ಲಿ ರೋಗಶಾಸ್ತ್ರಜ್ಞರು ಮೂರು ಹಂತಗಳನ್ನು ಗುರುತಿಸಿದ್ದಾರೆ: ಮೊದಲ ಕೆಲವು ವಾರಗಳಲ್ಲಿ ಸ್ನಾಯುಕೋಶಗಳ ಸಾವು, ಮುಂದಿನ ತಿಂಗಳುಗಳಲ್ಲಿ ಹೆಪ್ಪು, ಒಂದೆರಡು ವರ್ಷಗಳ ಮೇಲೆ ನಾರು. ಮೂರನೇ ಹಂತದ ಹೃದಯವನ್ನೂ ಉಗಾಂಡಾದ ಮಗುವಿನ ಹೃದಯವನ್ನೂ ಪಕ್ಕಪಕ್ಕ ಇಟ್ಟರೆ ಬೇರ್ಪಡಿಸುವುದು ಕಷ್ಟ. ಹಾಗಾಗಿ ಎರಡೂ ಒಂದೇ ರೋಗದ ಎರಡು ಮುಖಗಳು ಎಂಬ ವಾದ ಹುಟ್ಟಿತು. ಹೊಟ್ಟೆಹುಳು, ಆನೆಕಾಲು ರೋಗದ ಹುಳು, ಪಶ್ಚಿಮ ಆಫ್ರಿಕಾದ ಲೋವಾ ಲೋವಾ ಹುಳು ಇವೆಲ್ಲ ಇಯೋಸಿನೊಫಿಲ್ ಏರಿಸುವುದರಿಂದ ಉಷ್ಣವಲಯಕ್ಕೂ ಕೊಂಡಿ ಸಿಕ್ಕಂತಾಯಿತು.

ತೊಡಕುಗಳೂ ಅಷ್ಟೇ ಇವೆ. ಉಷ್ಣವಲಯದ ರೋಗಿ ಆಸ್ಪತ್ರೆಗೆ ಬರುವ ಹೊತ್ತಿಗೆ ಇಯೋಸಿನೊಫಿಲ್ ಸಂಖ್ಯೆ ಹಲವೊಮ್ಮೆ ಸಹಜವಾಗಿರುತ್ತದೆ. ಏರಿದ್ದರೂ ಅದೇ ಹಳ್ಳಿಯ ಆರೋಗ್ಯವಂತ ಮಕ್ಕಳಲ್ಲೂ ಏರಿರುತ್ತದೆ, ಏಕೆಂದರೆ ಹುಳು ಎಲ್ಲರ ಹೊಟ್ಟೆಯಲ್ಲೂ ಇದೆ. ಲೋವಾ ಲೋವಾ ಕೇರಳದಲ್ಲಿ ಇಲ್ಲ, ರೋಗ ಇದೆ. ಆನೆಕಾಲು ರೋಗ ಹಬ್ಬಿದ ಎಷ್ಟೋ ಪ್ರದೇಶಗಳಲ್ಲಿ ಇ.ಎಂ.ಎಫ್. ಸುಳಿವೇ ಇಲ್ಲ. ಲೋಫ್ಲರ್ ಮಾದರಿಯ ರೋಗಿಗಳಲ್ಲಿ ಕೆಲವರಿಗೆ ಕಾರಣವೇ ಬೇರೆ ಎಂಬುದು 2003ರಲ್ಲಿ ಗೊತ್ತಾಯಿತು. ಎರಡು ಜೀನ್‌ಗಳು ಬೆಸೆದುಕೊಂಡು ಇಯೋಸಿನೊಫಿಲ್‌ಗಳನ್ನು ಹುಚ್ಚೆಬ್ಬಿಸುತ್ತವೆ, ಇಮಾಟಿನಿಬ್ ಎಂಬ ಮಾತ್ರೆ ಅವನ್ನು ಹತೋಟಿಗೆ ತರುತ್ತದೆ. ಉಷ್ಣವಲಯದ ಮಗುವಿಗೆ ಅಂಥ ಮಾತ್ರೆ ಯಾವುದೂ ಇಲ್ಲ. ಆದರೂ ಈ ಸಿದ್ಧಾಂತವನ್ನು ತಳ್ಳಿಹಾಕಬಾರದು ಎಂದೇ ನನ್ನ ಅಭಿಪ್ರಾಯ. ಇಯೋಸಿನೊಫಿಲ್‌ಗಳು ವರ್ಷಗಳ ಹಿಂದೆ ಏರಿ, ಗಾಯ ಮಾಡಿ, ಇಳಿದುಹೋಗಿದ್ದರೆ ನಮಗೆ ಈಗ ಸಿಗುವುದು ಇಂಥ ಖಾಲಿ ರಕ್ತವರದಿಯೇ ತಾನೆ? ಕಂಪಾಲದಲ್ಲಿ ರೋಗಿಗಳನ್ನೂ ಇತರರನ್ನೂ ಹೋಲಿಸಿ ನಡೆಸಿದ ಅಧ್ಯಯನವೊಂದು ಇಯೋಸಿನೊಫಿಲ್ ಏರಿಕೆಗೂ ಮರಗೆಣಸಿನ ಆಹಾರಕ್ಕೂ ಬಡತನಕ್ಕೂ ರೋಗದೊಂದಿಗೆ ನಂಟು ಕಂಡಿತ್ತು.

ಮರಗೆಣಸು ಎರಡನೇ ಶಂಕಿತ. ಉಗಾಂಡಾ, ಮೊಜಾಂಬಿಕ್, ಕೇರಳ ಮೂರೂ ಕಡೆ ಅದು ಬಡವರ ಹೊಟ್ಟೆ ತುಂಬಿಸುವ ಗೆಡ್ಡೆ. ಅದರಲ್ಲಿ ಪ್ರೋಟೀನು ತೀರಾ ಕಡಿಮೆ, ಜೊತೆಗೆ ಸರಿಯಾಗಿ ನೆನೆಸಿ ಬೇಯಿಸದಿದ್ದರೆ ಸಯನೈಡ್ ಬಿಡುಗಡೆ ಮಾಡುವ ಲಿನಮರಿನ್ ಎಂಬ ವಸ್ತು ಇದೆ. ಪ್ರೋಟೀನು ಕೊರತೆಯ ಮರಗೆಣಸಿನ ಆಹಾರ ಕೊಟ್ಟ ಕೋತಿಗಳ ಹೃದಯದಲ್ಲಿ ಒಳಪೊರೆಯ ಬದಲಾವಣೆಗಳನ್ನು ಉಗಾಂಡಾದ ಸಂಶೋಧಕರು 1996ರಲ್ಲಿ ವರದಿ ಮಾಡಿದರು. ಕುತೂಹಲದ ಫಲಿತಾಂಶ ನಿಜ. ಆದರೆ ಕೋಟ್ಯಂತರ ಜನ ತಿನ್ನುವ ಗೆಡ್ಡೆ ಕೆಲವೇ ತಾಲ್ಲೂಕುಗಳಲ್ಲಿ ಮಾತ್ರ ಹೃದಯ ಕೆಡಿಸುವುದು ಹೇಗೆ ಎಂಬ ಪ್ರಶ್ನೆಗೆ ಅದು ಉತ್ತರಿಸುವುದಿಲ್ಲ.

ಆ ಪ್ರಶ್ನೆಗೆ ಕೇರಳದಿಂದ ಬಂದ ಉತ್ತರ ಇಡೀ ಚರ್ಚೆಯಲ್ಲೇ ಅತ್ಯಂತ ಧೈರ್ಯದ್ದು. ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಯಲ್ಲಿ ಹೃದಯ ಶಸ್ತ್ರಚಿಕಿತ್ಸಕ ಎಂ. ಎಸ್. ವಲಿಯತ್ತಾನ್, ರೋಗಶಾಸ್ತ್ರಜ್ಞ ಸಿ. ಸಿ. ಕಾರ್ತ ಮತ್ತು ಸಂಗಡಿಗರು ಮಣ್ಣಿನತ್ತ ನೋಡಿದರು. ದಕ್ಷಿಣ ಕೇರಳದ ಕರಾವಳಿಯ ಮರಳಿನಲ್ಲಿ ಮೊನಜೈಟ್ ಎಂಬ ಖನಿಜ ಹೇರಳ. ಅದರಲ್ಲಿ ಥೋರಿಯಂ ಇದೆ, ಸೀರಿಯಂ ಮುಂತಾದ ವಿರಳ ಲೋಹಗಳಿವೆ. ರೋಗಿಗಳ ಹೃದಯದ ಅಂಗಾಂಶದಲ್ಲಿ ಥೋರಿಯಂ ಮತ್ತು ಸೀರಿಯಂ ಹೆಚ್ಚಾಗಿಯೂ ಮೆಗ್ನೀಸಿಯಂ ಕಡಿಮೆಯಾಗಿಯೂ ಇರುವುದನ್ನು ಅವರು ಕಂಡರು. ಮಣ್ಣಿನಿಂದ ಗೆಡ್ಡೆಗೆ, ಗೆಡ್ಡೆಯಿಂದ ದೇಹಕ್ಕೆ ಸೀರಿಯಂ ಸೇರುತ್ತದೆ, ಮೆಗ್ನೀಸಿಯಂ ಕೊರತೆಯಿರುವ ಅಪೌಷ್ಟಿಕ ಮಗುವಿನಲ್ಲಿ ಅದು ನಾರು ಬೆಳೆಸುತ್ತದೆ ಎಂಬ ಸಿದ್ಧಾಂತವನ್ನು 1980ರ ದಶಕದ ಕೊನೆಗೆ ಮಂಡಿಸಿದರು. ಪ್ರಯೋಗಾಲಯವೂ ಅವರ ಪರ ನಿಂತಿತು. ಮೆಗ್ನೀಸಿಯಂ ಕಡಿಮೆ ಮಾಡಿ ಸೀರಿಯಂ ಕೊಟ್ಟ ಇಲಿಗಳ ಹೃದಯದಲ್ಲಿ ಕೊಲಾಜೆನ್ ಹೆಚ್ಚಿತು. ಹೃದಯದ ನಾರುಕೋಶಗಳನ್ನು ಬೇರ್ಪಡಿಸಿ ಬೆಳೆಸಿ ಅತ್ಯಲ್ಪ ಪ್ರಮಾಣದ ಸೀರಿಯಂ ಸೇರಿಸಿದಾಗಲೂ ಅವು ಚುರುಕಾದವು. ರೋಗಿಯ ಹೃದಯ, ರೋಗಿ ಉಣ್ಣುವ ಗೆಡ್ಡೆ, ಗೆಡ್ಡೆ ಬೆಳೆಯುವ ಮಣ್ಣು ಈ ಮೂರನ್ನೂ ಒಂದೇ ಸರಣಿಯಲ್ಲಿ ಅಳೆಯಲು ಹೊರಟ ಆ ತಂಡದ ಬಗ್ಗೆ ನನಗೆ ಅಪಾರ ಗೌರವವಿದೆ. ಈ ರೋಗಿಗಳಿಗೆ ಮತ್ತೆ ಮತ್ತೆ ಬೇಕಾಗುವ ಕೃತಕ ಕವಾಟವನ್ನು ದೇಶದಲ್ಲೇ ತಯಾರಿಸಿ 1990ರಲ್ಲಿ ಮೊದಲ ಬಾರಿ ಅಳವಡಿಸಿದ್ದೂ ಅದೇ ಸಂಸ್ಥೆ.

ಆದರೂ ಸೀರಿಯಂ ಒಂದೇ ಕಾರಣ ಎಂದು ಒಪ್ಪುವುದು ಕಷ್ಟ. ಮೊನಜೈಟ್ ಮರಳೇ ಇಲ್ಲದ ಪ್ರದೇಶಗಳಲ್ಲೂ ರೋಗವಿದೆ. ನಾರಿನ ಅಂಗಾಂಶ ತಾನಾಗಿಯೇ ಲೋಹಗಳನ್ನು ಹಿಡಿದಿಟ್ಟುಕೊಂಡಿರಬಹುದು, ಆಗ ಸೀರಿಯಂ ರೋಗದ ಫಲವೇ ಹೊರತು ಬೀಜವಾಗುವುದಿಲ್ಲ. ಇಲಿಯಲ್ಲಿ ಕಂಡ ನಾರೂ ಸ್ನಾಯುವಿನ ನಡುನಡುವೆ ಹರಡುವಂಥದು. ಮನುಷ್ಯನಲ್ಲಿ ಕಾಣುವ ತುದಿಯ ದಪ್ಪ ಪದರ, ಆ ಚೊಕ್ಕ ಗಡಿ ಅಲ್ಲಿ ಮೂಡಲಿಲ್ಲ.

ಉಳಿದ ಸಿದ್ಧಾಂತಗಳನ್ನು ಬೇಗ ನೋಡಿಬಿಡಬಹುದು. ಬಾಳೆಕಾಯಿಯಲ್ಲಿರುವ ಸೆರೊಟೋನಿನ್ ಹೃದಯ ಕೆಡಿಸುತ್ತದೆ ಎಂಬ ವಾದ ನೈಜೀರಿಯಾದಲ್ಲಿ ಕೆಲಕಾಲ ನಡೆಯಿತು. ದೇಹದೊಳಗೆ ಬೆಳೆದು ಸೆರೊಟೋನಿನ್ ಸುರಿಸುವ ದುರ್ಮಾಂಸದ ಗಂತಿಗಳಿಂದ ಬರುವ ಹೃದ್ರೋಗ ಹೆಚ್ಚಾಗಿ ಬಲಭಾಗಕ್ಕೆ ಸೀಮಿತ, ಏಕೆಂದರೆ ಶ್ವಾಸಕೋಶ ಅದನ್ನು ಒಡೆದುಹಾಕುತ್ತದೆ. ಎಡಭಾಗವನ್ನೂ ಹಿಡಿಯುವ ಇ.ಎಂ.ಎಫ್.ಗೆ ಅದು ಹೊಂದುವುದಿಲ್ಲ. ಮಲೇರಿಯಾ ಮರುಕಳಿಸಿ ದೇಹದ ರೋಗನಿರೋಧಕ ವ್ಯವಸ್ಥೆ ತನ್ನದೇ ಹೃದಯದ ಮೇಲೆ ತಿರುಗುತ್ತದೆ ಎಂಬ ವಾದಕ್ಕೆ ಒಂದು ಆಸಕ್ತಿಕರ ಆಧಾರವಿತ್ತು: ಕಂಪಾಲದ ರೋಗಿಗಳಲ್ಲಿ ರುವಾಂಡಾ, ಬುರುಂಡಿಗಳಿಂದ ವಲಸೆ ಬಂದವರ ಪಾಲು ಅಸಹಜವಾಗಿ ಹೆಚ್ಚಿತ್ತು. ಆದರೆ ವಲಸೆಗಾರರು ಅಲ್ಲಿನ ಕಡುಬಡವರೂ ಆಗಿದ್ದರು. ಒಂದೇ ಮನೆಯಲ್ಲಿ ಹಲವರಿಗೆ ರೋಗ ಕಾಣುವುದರಿಂದ ಅನುವಂಶಿಕತೆಯ ಮಾತೂ ಇದೆ. ಒಂದೇ ಮನೆಯವರು ಒಂದೇ ಪಾತ್ರೆಯಲ್ಲಿ ಉಣ್ಣುತ್ತಾರೆ, ಒಂದೇ ನೀರು ಕುಡಿಯುತ್ತಾರೆ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಹುಳು, ಹಸಿವು, ಗೆಡ್ಡೆ, ಮಣ್ಣು, ಮಲೇರಿಯಾ. ಇವೆಲ್ಲ ಒಂದೇ ಮಗುವಿನ ಬದುಕಿನಲ್ಲಿ ಒಟ್ಟಿಗೆ ಇರುತ್ತವೆ. ಒಂದನ್ನು ಎತ್ತಿ ಬೇರೆ ಇಟ್ಟು ಇದೇ ಕಾರಣ ಎನ್ನಲು ಸಂಖ್ಯಾಶಾಸ್ತ್ರಕ್ಕೂ ಸುಲಭವಲ್ಲ. ನನಗೆ ಹೆಚ್ಚು ಒಪ್ಪಿಗೆಯಾಗುವುದು ಇದು: ಒಳಪೊರೆಗೆ ಬೀಳುವ ಏಟು ಒಂದು, ಅದನ್ನು ಸರಿಯಾಗಿ ಮಾಯಗೊಡದ ದೇಹಸ್ಥಿತಿ ಇನ್ನೊಂದು. ಮೊದಲನೆಯದು ಊರಿಂದೂರಿಗೆ ಬೇರೆಯಿರಬಹುದು. ಎರಡನೆಯದು ಎಲ್ಲ ಕಡೆಯೂ ಅಪೌಷ್ಟಿಕತೆಯೇ ಇರುವ ಸಂಭವ ಹೆಚ್ಚು.

ಹೀಗೆ ಯೋಚಿಸಲು ಕೇರಳದ ಅನುಭವವೇ ದಾರಿ ಮಾಡಿಕೊಡುತ್ತದೆ. 1970, 80ರ ದಶಕಗಳಲ್ಲಿ ಅಲ್ಲಿನ ದೊಡ್ಡ ಆಸ್ಪತ್ರೆಗಳಿಗೆ ಇ.ಎಂ.ಎಫ್. ಮಕ್ಕಳು ಸಾಲುಸಾಲಾಗಿ ಬರುತ್ತಿದ್ದರು. ಕ್ರಮೇಣ ಹೊಸ ರೋಗಿಗಳು, ಮುಖ್ಯವಾಗಿ ಚಿಕ್ಕ ವಯಸ್ಸಿನವರು, ಕಡಿಮೆಯಾಗುತ್ತಾ ಬಂದರು. ಇಂದು ಅಲ್ಲಿ ಅದು ಅಪರೂಪದ ಕಾಯಿಲೆ. ಯಾವ ಲಸಿಕೆಯೂ ಬರಲಿಲ್ಲ, ಯಾವ ಔಷಧಿಯೂ ಬರಲಿಲ್ಲ. ಕರಾವಳಿಯ ಮೊನಜೈಟ್ ಮರಳು ಇದ್ದಲ್ಲೇ ಇದೆ, ಮರಗೆಣಸನ್ನು ಜನ ಈಗಲೂ ಇಷ್ಟಪಟ್ಟು ತಿನ್ನುತ್ತಾರೆ. ಆದರೆ ಗೆಡ್ಡೆಯ ಜೊತೆ ಮೀನು, ಬೇಳೆ, ಹಾಲು ತಟ್ಟೆಗೆ ಬಂದವು, ಶೌಚಾಲಯ ಬಂತು, ಹುಳು ಕಡಿಮೆಯಾದವು, ಮಕ್ಕಳಿಗೆ ಚಿಕಿತ್ಸೆ ಬೇಗ ಸಿಗತೊಡಗಿತು. ಮರಗೆಣಸಿನೊಂದಿಗೆ ಹೆಸರು ತಳುಕುಹಾಕಿಕೊಂಡಿದ್ದ ಇನ್ನೊಂದು ರೋಗ, ಮೇದೋಜೀರಕಾಂಗದಲ್ಲಿ ಕಲ್ಲುಕಟ್ಟುವ ಉಷ್ಣವಲಯದ ಕಾಯಿಲೆ, ಅದೂ ಅಲ್ಲಿ ಇದೇ ಕಾಲದಲ್ಲಿ ತಗ್ಗಿತು. ಯಾವುದರಿಂದ ಎಷ್ಟು ಫಲವಾಯಿತು ಎಂದು ಬಿಡಿಸಿ ಹೇಳಲು ಈಗ ಸಾಧ್ಯವಿಲ್ಲ. ಮಕ್ಕಳು ಉಳಿದದ್ದು ಸಂತೋಷದ ಸಂಗತಿ, ಅದರ ಮುಂದೆ ಸಂಶೋಧನೆಯ ನಷ್ಟ ಸಣ್ಣದು. ಆದರೆ ಅದೇ ಭಾಗ್ಯ ಇಲ್ಲದ ಊರುಗಳ ಮಕ್ಕಳಿಗೆ ಆ ಉತ್ತರ ಇನ್ನೂ ಬೇಕಾಗಿದೆ.

ಅಂಥ ಒಂದು ಊರು ಮೊಜಾಂಬಿಕ್‌ನ ದಕ್ಷಿಣ ಕರಾವಳಿಯ ಇನ್ಯಾರಿಮೆ. ಹೃದ್ರೋಗ ತಜ್ಞೆ ಆನಾ ಓಲ್ಗಾ ಮೊಕುಂಬಿ ಮತ್ತು ಸಂಗಡಿಗರು ಆಸ್ಪತ್ರೆಗೆ ಬಂದವರನ್ನು ಕಾಯದೆ, ಎಕೋ ಯಂತ್ರವನ್ನು ಹಳ್ಳಿಗೇ ಒಯ್ದರು. ಎಲ್ಲ ವಯಸ್ಸಿನ 1,063 ಜನರನ್ನು ಪರೀಕ್ಷಿಸಿ 2008ರಲ್ಲಿ ಪ್ರಕಟಿಸಿದ ಫಲಿತಾಂಶ ತಜ್ಞರನ್ನೇ ಬೆಚ್ಚಿಬೀಳಿಸಿತು. 211 ಜನರಲ್ಲಿ, ಅಂದರೆ ಸುಮಾರು ಶೇ 20ರಷ್ಟು ಮಂದಿಯಲ್ಲಿ ರೋಗದ ಲಕ್ಷಣಗಳು ಎಕೋದಲ್ಲಿ ಕಂಡವು. 10ರಿಂದ 19 ವರ್ಷದವರಲ್ಲಿ ಪ್ರಮಾಣ ಇನ್ನೂ ಹೆಚ್ಚು, ಶೇ 28. ರೋಗ ಕಂಡ ಆ 211 ಜನರಲ್ಲಿ ತೊಂದರೆ ಅನುಭವಿಸುತ್ತಿದ್ದವರು ಕಾಲುಭಾಗಕ್ಕಿಂತ ಕಡಿಮೆ. ಇನ್ಯಾರಿಮೆ ಇರುವುದು ಮಕರ ಸಂಕ್ರಾಂತಿ ವೃತ್ತದ ಆಸುಪಾಸಿನಲ್ಲಿ. ಸಮಭಾಜಕದಿಂದ 15 ಡಿಗ್ರಿಯೊಳಗಿನ ರೋಗ ಎಂದು ಪಠ್ಯಪುಸ್ತಕಗಳು ಹಾಕಿದ್ದ ಗೆರೆಯೂ ಇದರೊಂದಿಗೆ ಸಡಿಲವಾಯಿತು.

ಆ ಸಂಖ್ಯೆಗಳಲ್ಲಿ ನನಗೆ ಮುಖ್ಯವೆನಿಸುವುದು ತೊಂದರೆಯಿಲ್ಲದ ಆ ಮುಕ್ಕಾಲು ಪಾಲು ಜನ. ಡೇವೀಸ್ ಕಾಲದಿಂದ ನಾವು ಅಭ್ಯಾಸ ಮಾಡಿದ್ದೆಲ್ಲ ಸತ್ತವರ ಅಥವಾ ಸಾಯುವ ಹಂತದವರ ಹೃದಯವನ್ನು. ರೋಗ ಸದ್ದಿಲ್ಲದೆ ಇರುವ, ಬಹುಶಃ ಇನ್ನೂ ಬೆಳೆಯುತ್ತಿರುವ ಹೃದಯಗಳು ಹಳ್ಳಿಯಲ್ಲಿದ್ದವು. ಕೆಲವರಲ್ಲಿ ಅದು ಅಲ್ಲಿಗೇ ನಿಲ್ಲಬಹುದು, ಕೆಲವರಲ್ಲಿ ಮುಂದುವರಿಯಬಹುದು. ಈ ಎರಡು ಗುಂಪುಗಳ ನಡುವಿನ ವ್ಯತ್ಯಾಸ ಏನು ಎಂದು ತಿಳಿದರೆ ಕಾರಣದ ಬಾಗಿಲು ತೆರೆದಂತೆ. ಹೃದಯದ ಒಳಗಿನಿಂದ ಅಂಗಾಂಶದ ತುಣುಕು ತೆಗೆದು ನೋಡುವುದು ಇಲ್ಲಿ ಸುಲಭದ ದಾರಿಯಲ್ಲ. ಹೆಪ್ಪು ಕಿತ್ತುಹೋಗಿ ಮೆದುಳಿಗೋ ಶ್ವಾಸಕೋಶಕ್ಕೋ ಸೇರುವ ಭಯವಿದೆ, ಚದುರಿದ ಗಾಯವಾದರೆ ಚಿಮಟಕ್ಕೆ ಸಿಗದೆಯೂ ಹೋಗಬಹುದು. ಆರೋಗ್ಯವಾಗಿ ಓಡಾಡುವ ಮಗುವಿನ ಮೇಲೆ ಅದನ್ನು ಮಾಡುವುದು ನೀತಿಯಲ್ಲ. ಹಾಗಾಗಿ ಎಕೋ ಮತ್ತು ರಕ್ತಪರೀಕ್ಷೆಗಳನ್ನೇ ವರ್ಷವರ್ಷವೂ ಮಾಡುತ್ತಾ ಹೋಗಬೇಕು.

ತಡವಾಗಿ ಸಿಕ್ಕವರಿಗೆ ಈಗ ಮಾಡಬಹುದಾದದ್ದು ಸೀಮಿತ. ನೀರಿಳಿಸುವ ಮಾತ್ರೆ, ಬಡಿತ ಹದಗೆಟ್ಟಾಗ ಅದಕ್ಕೆ ಔಷಧಿ, ಹೆಪ್ಪುಗಟ್ಟದಂತೆ ಔಷಧಿ. ಹೊಟ್ಟೆಯ ನೀರನ್ನು ಸೂಜಿ ಹಾಕಿ ತೆಗೆದರೂ ಮತ್ತೆ ತುಂಬುತ್ತದೆ, ಜೊತೆಗೆ ದೇಹದ ಪ್ರೋಟೀನೂ ಹೊರಗೆ ಹೋಗುತ್ತದೆ, ಏಕೆಂದರೆ ಈ ನೀರಿನಲ್ಲಿ ಪ್ರೋಟೀನಿನ ಅಂಶ ಹೆಚ್ಚು. ಶಸ್ತ್ರಚಿಕಿತ್ಸೆಯನ್ನು 1970ರ ದಶಕದ ಆರಂಭದಲ್ಲಿ ಪ್ಯಾರಿಸ್‌ನ ಶಾರ್ಲ್ ದುಬೋಸ್ಟ್ ಶುರುಮಾಡಿದರು. ಹೃದಯ ತೆರೆದು ನಾರಿನ ಪದರವನ್ನು ಸ್ನಾಯುವಿನಿಂದ ಬಿಡಿಸಿ ತೆಗೆಯುವುದು, ಕವಾಟವನ್ನು ಸರಿಪಡಿಸುವುದು ಅಥವಾ ಬದಲಿಸುವುದು. ನಾರು ಒಳಗಿನ ಮೂರನೇ ಒಂದು ಭಾಗಕ್ಕೇ ನಿಲ್ಲುವುದರಿಂದಲೇ ಇದು ಸಾಧ್ಯವಾಗಿದೆ. ಯಶಸ್ವಿಯಾದವರು ಹಲವು ವರ್ಷ ಚೆನ್ನಾಗಿ ಬದುಕುತ್ತಾರೆ. ಆದರೆ ಇದು ಅಪಾಯ ಹೆಚ್ಚಿರುವ ಶಸ್ತ್ರಚಿಕಿತ್ಸೆ, ರೋಗ ಹೆಚ್ಚಿರುವ ದೇಶಗಳಲ್ಲಿ ಇದನ್ನು ಮಾಡಬಲ್ಲ ಕೇಂದ್ರಗಳು ಬೆರಳೆಣಿಕೆಯಷ್ಟು. ಲೋಹದ ಕವಾಟ ಹಾಕಿದ ಮಗುವಿಗೆ ಜೀವನಪರ್ಯಂತ ರಕ್ತ ತೆಳುವಾಗಿಸುವ ಮಾತ್ರೆ ಮತ್ತು ಅದರ ಪರೀಕ್ಷೆ ಬೇಕು. ಹತ್ತಿರದ ಪ್ರಯೋಗಾಲಯ ದಿನದ ನಡಿಗೆಯಷ್ಟು ದೂರವಿರುವಲ್ಲಿ ಆ ಮಾತ್ರೆಯೇ ಮಗುವಿಗೆ ಅಪಾಯವಾಗುತ್ತದೆ.

ಎಕೋ ಯಂತ್ರ ಈಗ ಜೇಬಿನಲ್ಲಿ ಹಿಡಿಸುವಷ್ಟು ಚಿಕ್ಕದಾಗಿದೆ. ಸಂಧಿವಾತ ಜ್ವರದಿಂದ ಬರುವ ಕವಾಟದ ರೋಗವನ್ನು ಹುಡುಕಲು ಆಫ್ರಿಕಾದ ಶಾಲೆಗಳಲ್ಲಿ ಅದನ್ನು ಬಳಸಿ ಮಕ್ಕಳನ್ನು ಪರೀಕ್ಷಿಸುವ ಕೆಲಸ ನಡೆದಿದೆ. ಅದೇ ಮಗುವಿನ ಎದೆಯ ಮೇಲೆ ಇಟ್ಟ ಅದೇ ಯಂತ್ರವನ್ನು ಹೃದಯದ ತುದಿಯತ್ತ ಹೊರಳಿಸಲು ಹೆಚ್ಚುವರಿ ಕೆಲವು ನಿಮಿಷ ಸಾಕು. ತುದಿಯಲ್ಲಿ ಅನುಮಾನದ ಬಿಳುಪು ಕಂಡ ಮಕ್ಕಳ ರಕ್ತದಲ್ಲಿ ಇಯೋಸಿನೊಫಿಲ್ ಎಣಿಸಬೇಕು, ಹುಳುವಿದ್ದರೆ ಔಷಧಿ ಕೊಡಬೇಕು, ಊಟದಲ್ಲಿ ಪ್ರೋಟೀನು ಸೇರಿಸಬೇಕು, ವರ್ಷಕ್ಕೊಮ್ಮೆ ಮತ್ತೆ ನೋಡಬೇಕು. ಇವುಗಳಲ್ಲಿ ಯಾವುದಕ್ಕೂ ಕಾರಣ ಸಾಬೀತಾಗುವವರೆಗೆ ಕಾಯಬೇಕಿಲ್ಲ, ಮಗುವಿಗೆ ಇವೆಲ್ಲ ಹೇಗೂ ಸಲ್ಲಬೇಕಾದವೇ. ಹತ್ತು ವರ್ಷ ಹೀಗೆ ಬಿಡದೆ ನಡೆಸಿದರೆ, ಯಾರ ಹೃದಯದಲ್ಲಿ ನಾರು ಬೆಳೆಯಿತು, ಬೆಳೆಯುವ ಮೊದಲು ಅವರ ರಕ್ತದಲ್ಲಿ ಏನಿತ್ತು ಎಂಬ ದಾಖಲೆ ಮೊದಲ ಬಾರಿಗೆ ಕೈಗೆ ಸಿಗುತ್ತದೆ.